ಗ್ರೀನ್ ಕಾರ್ಡ್ ಸರದಿಯಲ್ಲಿ ಗಂಡಹೆಂಡಿರು: ಕಾಯುವ ಹೊರೆ ಇಬ್ಬರಿಗೂ ಒಂದೇ ಅಲ್ಲ

ಹಾಸನದ ಹತ್ತಿರದ ಊರೊಂದರಲ್ಲಿ ನಮ್ಮ ಸಂಬಂಧಿಕರ ಮನೆಯ ಸೊಸೆ ಬೆಳಿಗ್ಗೆ ಏಳೂವರೆಯಾಗುತ್ತಲೇ ಫೋನ್ ಹಿಡಿದು ಹಿತ್ತಿಲ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದಳು. ಆಗ ಡಲ್ಲಾಸ್‌ನಲ್ಲಿ ಹಿಂದಿನ ದಿನದ ರಾತ್ರಿ. ಅಲ್ಲಿನ ಬೇಸಿಗೆಯಲ್ಲಾದರೆ ಒಂಬತ್ತು ಗಂಟೆ, ಚಳಿಗಾಲದಲ್ಲಾದರೆ ಎಂಟು. ಅಲ್ಲಿರುವ ಗಂಡ ಊಟದ ತಟ್ಟೆಯ ಮುಂದೆ, ಇವಳು ಕಾಫಿ ಲೋಟದ ಮುಂದೆ, ಇಪ್ಪತ್ತು ನಿಮಿಷದ ಮಾತು. ಮದುವೆಯಾಗಿ ಎರಡು ವರ್ಷ ತುಂಬಿದೆ. ಇಬ್ಬರೂ ಒಂದೇ ಸೂರಿನಡಿ ಕಳೆದ ದಿನಗಳನ್ನು ಅವಳು ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಟ್ಟಿದ್ದಾಳೆ, ಎಣಿಸಿದರೆ ಎಪ್ಪತ್ತೊಂದು. ಪ್ರತಿ ತಿಂಗಳ ನಡುಭಾಗದಲ್ಲಿ, ಅಮೆರಿಕದ ವಿದೇಶಾಂಗ ಇಲಾಖೆ ಮುಂದಿನ ತಿಂಗಳ ವೀಸಾ ಬುಲೆಟಿನ್ ಹೊರಡಿಸುವ ಹೊತ್ತಿಗೆ, ಮನೆಯ ಸುದ್ದಿಗಿಂತ ಮೊದಲು ಬರುವ ಪ್ರಶ್ನೆ ಒಂದೇ: "ಡೇಟ್ ಮುಂದೆ ಹೋಯ್ತಾ?"

ಈ ಡೇಟ್ ಎಂದರೇನು, ಅದು ಏಕೆ ಮುಂದೆ ಹೋಗುತ್ತದೆ, ಏಕೆ ಒಮ್ಮೊಮ್ಮೆ ಹಿಂದಕ್ಕೂ ಸರಿಯುತ್ತದೆ ಎಂಬುದು ಸರದಿಯಲ್ಲಿ ನಿಂತವರಿಗೂ ಪೂರ್ತಿ ಅರ್ಥವಾಗಿರುವುದಿಲ್ಲ. ಊರಿನಲ್ಲಿ ಕಾಯುವ ಅತ್ತೆಮಾವಂದಿರಿಗೆ, ತಂದೆತಾಯಿಗಳಿಗೆ ಅರ್ಥವಾಗುವ ಮಾತು ದೂರವೇ ಉಳಿಯಿತು. ವಲಸೆ ಕಾನೂನಿನ ವಿಳಂಬದಿಂದ ದಾಂಪತ್ಯಕ್ಕೆ ಆಗುವ ಪೆಟ್ಟನ್ನು ನಾವು ಸಾಮಾನ್ಯವಾಗಿ ಅಗಲಿಕೆಯ ನೋವು ಎಂದಷ್ಟೇ ತಿಳಿದುಕೊಳ್ಳುತ್ತೇವೆ. ಅಗಲಿಕೆ ಕಣ್ಣಿಗೆ ಕಾಣುವ ಭಾಗ. ಕಾಣದ ಭಾಗ ಇನ್ನೊಂದಿದೆ: ಈ ಕಾನೂನು ಗಂಡಹೆಂಡಿರನ್ನು ಒಂದು ಜೋಡಿಯಾಗಿ ನೋಡುವುದಿಲ್ಲ. ಒಬ್ಬರನ್ನು ಮುಖ್ಯ ಅರ್ಜಿದಾರರೆಂದೂ ಇನ್ನೊಬ್ಬರನ್ನು ಅವರ ಡಿಪೆಂಡೆಂಟ್ ಎಂದೂ ಬೇರ್ಪಡಿಸುತ್ತದೆ. ಸರದಿ ಆರು ತಿಂಗಳಲ್ಲಿ ಮುಗಿದರೆ ಈ ಭೇದಕ್ಕೆ ಯಾವ ಮಹತ್ವವೂ ಇರುವುದಿಲ್ಲ. ಅದೇ ಹತ್ತು ಹದಿನೈದು ವರ್ಷ ಎಳೆದರೆ, ಕಾಗದದ ಮೇಲಿನ ಆ ಭೇದ ಅಡುಗೆಮನೆಯವರೆಗೆ ಇಳಿದು ಬರುತ್ತದೆ.

ಮೊದಲು ಸರದಿಯ ರಚನೆಯನ್ನು ನೋಡೋಣ. ಅರ್ಜಿಯ ಮೊದಲ ಕಾಗದ ಸಲ್ಲಿಸಿದ ದಿನವೇ ಸರದಿಯಲ್ಲಿ ಒಬ್ಬರ ಸ್ಥಾನ, ಅದನ್ನು ಪ್ರಯಾರಿಟಿ ಡೇಟ್ ಎನ್ನುತ್ತಾರೆ. ಪ್ರತಿ ತಿಂಗಳ ಬುಲೆಟಿನ್ ಒಂದೊಂದು ವರ್ಗಕ್ಕೂ ಒಂದು ದಿನಾಂಕ ಕೊಡುತ್ತದೆ; ಅದಕ್ಕಿಂತ ಹಿಂದಿನ ಪ್ರಯಾರಿಟಿ ಡೇಟ್ ಇದ್ದವರ ಸರದಿ ಬಂದಂತೆ. ಒಂದೇ ಬಗೆಯ ಮದುವೆ, ಆದರೆ ಗಂಡ ಅಥವಾ ಹೆಂಡತಿಯ ಕೈಯಲ್ಲಿ ಯಾವ ಕಾಗದವಿದೆ ಎಂಬುದರ ಮೇಲೆ ಕಾಯುವ ಕಾಲ ಸಂಪೂರ್ಣ ಬೇರೆಯಾಗುತ್ತದೆ. ಅಮೆರಿಕದ ಪೌರರ ಬಾಳಸಂಗಾತಿಗೆ ವಾರ್ಷಿಕ ಮಿತಿ ಎಂಬುದಿಲ್ಲ; ಅರ್ಜಿ ಪರಿಶೀಲನೆ, ನ್ಯಾಷನಲ್ ವೀಸಾ ಸೆಂಟರ್, ಮುಂಬೈ ಕಾನ್ಸುಲೇಟ್‌ನ ಸಂದರ್ಶನ ಎಲ್ಲ ಸೇರಿ ಒಂದು ವರ್ಷಕ್ಕೂ ಹೆಚ್ಚು ಹಿಡಿಯುವುದು ಸಾಮಾನ್ಯ, ಆದರೂ ಕೊನೆ ಎಲ್ಲಿದೆ ಎಂಬ ಅಂದಾಜು ಸಿಗುತ್ತದೆ. ಗ್ರೀನ್ ಕಾರ್ಡ್, ಅಂದರೆ ಕಾಯಂ ವಾಸದ ಪರವಾನಗಿ, ಇದ್ದು ಇನ್ನೂ ಪೌರರಾಗದವರ ಬಾಳಸಂಗಾತಿಯಾದರೆ ಆ ಅರ್ಜಿ ಎಫ್-2ಎ ಎಂಬ ವರ್ಗಕ್ಕೆ ಸೇರುತ್ತದೆ. ಅದಕ್ಕೆ, ಚಿಕ್ಕ ಮಕ್ಕಳನ್ನೂ ಸೇರಿಸಿ, ಇಡೀ ಜಗತ್ತಿಗೆ ವರ್ಷಕ್ಕೆ ಸುಮಾರು 88,000 ವೀಸಾಗಳು. ಉದ್ಯೋಗದ ಮೂಲಕ ಗ್ರೀನ್ ಕಾರ್ಡ್‌ಗೆ ಕಾಯುತ್ತಿರುವ, ಎಚ್-1ಬಿ ಎಂಬ ತಾತ್ಕಾಲಿಕ ಕೆಲಸದ ವೀಸಾದಲ್ಲಿರುವ ನೌಕರರ ಬಾಳಸಂಗಾತಿಗೆ ಸ್ವಂತ ಸರದಿಯೇ ಇಲ್ಲ. ಅವರು ಎಚ್-4 ವೀಸಾದಲ್ಲಿ, ಗಂಡನ ಅಥವಾ ಹೆಂಡತಿಯ ಸರದಿಯ ಬಾಲ ಹಿಡಿದು ನಿಲ್ಲಬೇಕು.

ಹಾಸನದ ಆ ಹುಡುಗಿ ಎರಡನೆಯ ಗುಂಪಿನವಳು. ಈ ಎಫ್-2ಎ ಸರದಿಯ ಚರಿತ್ರೆಯನ್ನು ಸ್ವಲ್ಪ ನೋಡಿದರೆ ಅವಳ ಮನೆಯವರು ಮೋಸಹೋದದ್ದು ಹೇಗೆಂದು ತಿಳಿಯುತ್ತದೆ. 2019ರ ಜುಲೈನಿಂದ 2023ರ ಮಾರ್ಚ್‌ವರೆಗೆ ಈ ವರ್ಗ "ಕರೆಂಟ್" ಆಗಿತ್ತು, ಅಂದರೆ ಸರದಿಯೇ ಇರಲಿಲ್ಲ. ಅರ್ಜಿ ಮಂಜೂರಾದರೆ ವೀಸಾ ಸಂಖ್ಯೆ ಕಾದಿರುತ್ತಿತ್ತು. ಆ ವರ್ಷಗಳಲ್ಲಿ ಮದುವೆಯಾದವರ ಅನುಭವವನ್ನು ಕೇಳಿದ ಬಂಧುಬಳಗ "ಒಂದೂವರೆ ವರ್ಷ ಅಷ್ಟೇ, ಆಮೇಲೆ ಜೊತೆಗಿರ್ತಾರೆ" ಎಂದು ನಂಬಿಕೊಂಡಿತು. 2023ರ ಏಪ್ರಿಲ್‌ನಲ್ಲಿ ದಿನಾಂಕ ಹಿಂದಕ್ಕೆ ಜಾರಿತು. ಅದೇ ಜುಲೈನಲ್ಲಿ 2017ರ ಅಕ್ಟೋಬರ್‌ವರೆಗೆ ಹಿಂದೆ ಹೋಯಿತು. ಹೀಗೆ ಹಿಂದೆ ಸರಿಯುವುದನ್ನು ರೆಟ್ರೊಗ್ರೆಷನ್ ಎನ್ನುತ್ತಾರೆ. ಒಂದು ಆರ್ಥಿಕ ವರ್ಷಕ್ಕೆ ನಿಗದಿಯಾದ ವೀಸಾಗಳಿಗಿಂತ ಬೇಡಿಕೆ ಹೆಚ್ಚಿದೆ ಎಂದು ಕಂಡಾಗ ಇಲಾಖೆ ಅಂಗಡಿ ಬಾಗಿಲನ್ನು ಅರ್ಧ ಎಳೆಯುವ ಕ್ರಮ ಇದು. ಆಮೇಲೆ ದಿನಾಂಕ ಮತ್ತೆ ಮುಂದೆ ಬಂದಿತೆನ್ನಿ. ಆದರೆ ಮದುವೆಯ ಮಾತುಕತೆಯಲ್ಲಿ ಕೊಟ್ಟ ಭರವಸೆಗೂ ಬುಲೆಟಿನ್‌ನ ಅಂಕಿಗೂ ನಡುವೆ ಸಿಕ್ಕಿಕೊಂಡವರು ಹೊಸದಾಗಿ ಮದುವೆಯಾದ ಜೋಡಿಗಳು.

ಇಲ್ಲಿ ಒಂದು ಸೂಕ್ಷ್ಮವಿದೆ. ಕನ್ನಡದ ಓದುಗರಿಗೆ ಅತ್ಯಂತ ಉಪಯೋಗಕ್ಕೆ ಬರುವ ಸಂಗತಿಯೂ ಇದೇ ಎಂದು ನನಗನಿಸುತ್ತದೆ. ಉದ್ಯೋಗದ ಮೂಲಕ ಗ್ರೀನ್ ಕಾರ್ಡ್ ಪಡೆಯುವವರ ವಿಷಯದಲ್ಲಿ, ಕಾರ್ಡ್ ಮಂಜೂರಾಗುವ ಮೊದಲೇ ಮದುವೆ ನಡೆದಿದ್ದರೆ ಹೆಂಡತಿ ಅಥವಾ ಗಂಡನಿಗೆ ಅದೇ ಪ್ರಯಾರಿಟಿ ಡೇಟ್‌ನ ಆಧಾರದಲ್ಲಿ ಗ್ರೀನ್ ಕಾರ್ಡ್ ಸಿಗುತ್ತದೆ. ಮಂಜೂರಾದ ಮಾರನೆಯ ದಿನ ಮದುವೆಯಾದರೆ ಆ ಹಕ್ಕು ಇರುವುದಿಲ್ಲ. ಹೊಸದಾಗಿ ಎಫ್-2ಎ ಅರ್ಜಿ ಹಾಕಿ, ಸರದಿಯ ತುದಿಯಲ್ಲಿ ನಿಲ್ಲಬೇಕು. ಹನ್ನೆರಡು ವರ್ಷ ಕಾದ ಹುಡುಗ, ಕಾರ್ಡ್ ಕೈಗೆ ಬಂದ ಮೇಲೆಯೇ ಮದುವೆ ಎಂದು ಹಟ ಹಿಡಿದು, ಬಂದ ಮೂರನೆಯ ತಿಂಗಳಲ್ಲಿ ಅದ್ದೂರಿಯಾಗಿ ಮದುವೆಯಾಗಿ, ಹೆಂಡತಿಯನ್ನು ಕರೆದೊಯ್ಯಲಾಗದೆ ಒಬ್ಬನೇ ವಿಮಾನ ಹತ್ತಿದ ಪ್ರಸಂಗಗಳು ಒಂದೆರಡಲ್ಲ. ಗ್ರೀನ್ ಕಾರ್ಡ್ ಬಂದರೆ ಹೆಂಡತಿಯನ್ನು ಕರೆತರುವುದು ಸುಲಭವೆಂದು ಎಲ್ಲರೂ ತಿಳಿದಿರುತ್ತಾರೆ. ಆದರೆ ಎಚ್-1ಬಿಯಲ್ಲಿದ್ದವನ ಹೆಂಡತಿ ಕೆಲವೇ ತಿಂಗಳಲ್ಲಿ ಎಚ್-4 ವೀಸಾ ಪಡೆದು ಹೋಗಬಹುದು, ಕಾರ್ಡ್ ಇರುವವನ ಹೆಂಡತಿ ಹೋಗಲಾರಳು.

ಪ್ರವಾಸಿ ವೀಸಾದಲ್ಲಾದರೂ ಹೋಗಿ ಬರಬಹುದಲ್ಲ ಎಂದು ಕೇಳುವವರಿದ್ದಾರೆ. ಅಮೆರಿಕದ ವಲಸೆ ಕಾಯ್ದೆಯ 214(ಬಿ) ಎಂಬ ಕಲಮಿನ ಪ್ರಕಾರ, ಪ್ರವಾಸಿ ವೀಸಾ ಕೇಳುವವರು ತಮ್ಮ ದೇಶಕ್ಕೆ ಮರಳುತ್ತೇವೆಂದು ಅಧಿಕಾರಿಗೆ ಮನದಟ್ಟು ಮಾಡಬೇಕು. ಗಂಡ ಅಲ್ಲಿಯೇ ನೆಲೆಸಿದ್ದಾನೆ, ತನ್ನ ಹೆಸರಿನಲ್ಲಿ ವಲಸೆ ಅರ್ಜಿ ಬಾಕಿಯಿದೆ ಎಂದಾಗ ಆ ಮನದಟ್ಟು ಮಾಡುವುದು ಬಹಳ ಕಷ್ಟ. ಅಂದರೆ ಒಟ್ಟಿಗೆ ಬದುಕಲು ಹಾಕಿದ ಅರ್ಜಿಯೇ ನಡುವೆ ಒಮ್ಮೆ ನೋಡಿಬರುವ ದಾರಿಗೂ ಅಡ್ಡ ನಿಲ್ಲುತ್ತದೆ. ಈ ಅನ್ಯಾಯ ಅಮೆರಿಕದ ಸಂಸತ್ತಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. 2000ದ ಡಿಸೆಂಬರ್‌ನಲ್ಲಿ ಬಂದ ಲೈಫ್ ಆ್ಯಕ್ಟ್ ಎಂಬ ಕಾಯ್ದೆ, ಮೂರು ವರ್ಷಕ್ಕಿಂತ ಹೆಚ್ಚು ಕಾದ ಇಂಥ ದಂಪತಿಗಾಗಿಯೇ ವಿ ವೀಸಾ ಎಂಬುದನ್ನು ಸೃಷ್ಟಿಸಿತ್ತು. ಸರದಿ ಮುಗಿಯುವವರೆಗೆ ಅಲ್ಲಿಗೆ ಹೋಗಿ ಜೊತೆಗಿರಬಹುದಾಗಿತ್ತು, ಕೆಲಸವನ್ನೂ ಮಾಡಬಹುದಾಗಿತ್ತು. ಆದರೆ 2000ದ ಡಿಸೆಂಬರ್ 21ರೊಳಗೆ ಸಲ್ಲಿಸಿದ ಅರ್ಜಿಗಳಿಗೆ ಮಾತ್ರ ಅದು ಅನ್ವಯ. ಆ ದಿನಾಂಕವನ್ನು ಮತ್ತೆ ಯಾರೂ ಮುಂದೂಡಲಿಲ್ಲ. ಹೀಗಾಗಿ ಉಳಿದ ದಾರಿ ಎರಡು: ದಿನಾಂಕ ಬರುವವರೆಗೆ ಕಾಯುವುದು, ಅಥವಾ ಕಾರ್ಡ್ ಬಂದ ಐದು ವರ್ಷಕ್ಕೆ ಗಂಡ ಪೌರತ್ವ ಪಡೆದು ಅರ್ಜಿಯನ್ನು ಮಿತಿಯಿಲ್ಲದ ವರ್ಗಕ್ಕೆ ಬದಲಿಸಿಕೊಳ್ಳುವುದು. ಪೌರತ್ವ ಬೇಕೆಂದರೆ ಆ ಐದು ವರ್ಷಗಳಲ್ಲಿ ಕನಿಷ್ಠ ಅರ್ಧದಷ್ಟು ಕಾಲ ಅವನು ಅಮೆರಿಕದ ನೆಲದ ಮೇಲೆಯೇ ಇರಬೇಕು. ಆರು ತಿಂಗಳು ಮೀರಿ ಹೊರಗಿದ್ದರೆ ಪ್ರಶ್ನೆಗಳು ಏಳುತ್ತವೆ. ಹೆಂಡತಿಯ ಬಳಿ ಹೆಚ್ಚು ದಿನ ಇದ್ದಷ್ಟೂ ಅವಳನ್ನು ಕರೆದೊಯ್ಯುವ ದಿನ ದೂರವಾಗುವ ಇಕ್ಕಟ್ಟು ಇದು.

ಈಗ ಮೂರನೆಯ ಗುಂಪಿಗೆ ಬರೋಣ. ಅಮೆರಿಕದಲ್ಲಿರುವ ಕನ್ನಡಿಗ ಸಾಫ್ಟ್‌ವೇರ್ ಕುಟುಂಬಗಳಲ್ಲಿ ಬಹಳಷ್ಟು ಇದೇ ಗುಂಪಿನವು. 1990ರ ವಲಸೆ ಕಾಯ್ದೆ ಉದ್ಯೋಗಾಧಾರಿತ ಗ್ರೀನ್ ಕಾರ್ಡ್‌ಗಳಿಗೆ ವರ್ಷಕ್ಕೆ 1,40,000 ಎಂಬ ಮಿತಿ ಹಾಕಿತು. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಅದರಲ್ಲಿ ಶೇಕಡಾ 7ಕ್ಕಿಂತ ಹೆಚ್ಚು ಹೋಗಬಾರದೆಂದೂ ಹೇಳಿತು. ಐಸ್‌ಲ್ಯಾಂಡ್‌ಗೂ ಅಷ್ಟೇ ಪಾಲು, ನೂರನಲವತ್ತು ಕೋಟಿ ಜನರ ಭಾರತಕ್ಕೂ ಅಷ್ಟೇ. ಉನ್ನತ ಪದವಿಯವರ ಇಬಿ-2 ಎಂಬ ವರ್ಗಕ್ಕೆ ಸಿಗುವುದು ವರ್ಷಕ್ಕೆ ಸುಮಾರು 40,000. ಅದರ ಶೇಕಡಾ 7 ಎಂದರೆ ಸುಮಾರು 2,800. ಬೇರೆ ದೇಶದವರು ಬಳಸದೆ ಉಳಿದದ್ದು ಕೆಲವು ವರ್ಷ ಭಾರತದವರಿಗೆ ಹರಿದು ಬರುತ್ತದೆ, ಕೆಲವು ವರ್ಷ ಬರುವುದಿಲ್ಲ. ಇನ್ನೂ ಮುಖ್ಯವಾದದ್ದೆಂದರೆ, ಈ ಲೆಕ್ಕದಲ್ಲಿ ನೌಕರನೊಬ್ಬನೇ ಅಲ್ಲ, ಅವನ ಹೆಂಡತಿಮಕ್ಕಳೂ ಸೇರುತ್ತಾರೆ. ಉದ್ಯೋಗದ ಹೆಸರಿನ ಕಾರ್ಡ್‌ಗಳಲ್ಲಿ ಅರ್ಧಕ್ಕೂ ಹೆಚ್ಚು ಹೋಗುವುದು ಕುಟುಂಬದವರಿಗೇ. ಕುಟುಂಬಕ್ಕೆ ಇಬ್ಬರೇ ಎಂದುಕೊಂಡರೂ 2,800 ಎಂಬುದು 1,400 ಕುಟುಂಬಗಳಾಗುತ್ತದೆ. ಅಮೆರಿಕದ ಚಿಂತನ ಸಂಸ್ಥೆ ಕೇಟೊ ಇನ್‌ಸ್ಟಿಟ್ಯೂಟ್ 2023ರಲ್ಲಿ ಮಾಡಿದ ಅಂದಾಜಿನಂತೆ ಉದ್ಯೋಗ ವರ್ಗದ ಸರದಿಯಲ್ಲಿ ಸುಮಾರು 18 ಲಕ್ಷ ಜನರಿದ್ದರು, ಅವರಲ್ಲಿ 11 ಲಕ್ಷ ಭಾರತೀಯರು. ಹೊಸದಾಗಿ ಸೇರುವ ಭಾರತೀಯನಿಗೆ ಕಾಗದದ ಲೆಕ್ಕದಲ್ಲಿ 134 ವರ್ಷದ ಕಾಯುವಿಕೆ. 2025ರ ಕೊನೆಗೆ ಇಬಿ-2 ವರ್ಗದ ಭಾರತೀಯರ ದಿನಾಂಕ ಇನ್ನೂ 2013ರಲ್ಲೇ ಇತ್ತು.

ದೇಶ ಎಂದಾಗ ಪಾಸ್‌ಪೋರ್ಟ್ ಯಾವುದೆಂಬುದು ಮುಖ್ಯವಲ್ಲ, ಹುಟ್ಟಿದ್ದು ಎಲ್ಲಿ ಎಂಬುದಷ್ಟೇ ಮುಖ್ಯ. ದಂಪತಿಯಲ್ಲಿ ಒಬ್ಬರು ಬೇರೆ ದೇಶದಲ್ಲಿ ಹುಟ್ಟಿದ್ದರೆ ಇಬ್ಬರೂ ಆ ದೇಶದ ಸರದಿಗೆ ಸೇರಿಕೊಳ್ಳಬಹುದು. ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಕುಟುಂಬಗಳು ದಶಕಗಳಿಂದ ಕೊಲ್ಲಿ ದೇಶಗಳಲ್ಲಿವೆ. ದುಬೈನಲ್ಲೋ ಮಸ್ಕತ್‌ನಲ್ಲೋ ಹುಟ್ಟಿದ ಹುಡುಗಿ, ಭಾರತದ ಪಾಸ್‌ಪೋರ್ಟ್ ಹಿಡಿದವಳೇ ಆದರೂ, ತನ್ನ ಗಂಡನನ್ನು ಹತ್ತು ವರ್ಷದ ಸರದಿಯಿಂದ ಎತ್ತಿ ಹೊರಗೆ ತರಬಲ್ಲಳು. ಹೆಂಡತಿಯ ಜನನ ಪ್ರಮಾಣಪತ್ರ ಗಂಡನ ಎಂ.ಎಸ್. ಪದವಿಗಿಂತ ಹೆಚ್ಚು ತೂಗುವ ಅಪರೂಪದ ಸಂದರ್ಭ ಇದು.

ಎಚ್-4 ದಂಪತಿ ಒಂದೇ ಮನೆಯಲ್ಲಿ ಇರುತ್ತಾರೆ. ಅವರ ಕಷ್ಟವನ್ನು ಊರಿನವರಿಗೆ ವಿವರಿಸುವುದು ಇನ್ನೂ ಕಠಿಣವಾಗುವುದು ಇದೇ ಕಾರಣಕ್ಕೆ: ಅಮೆರಿಕದಲ್ಲಿದ್ದಾರೆ, ಕಾರಿದೆ, ಜೊತೆಗಿದ್ದಾರೆ, ಇನ್ನೇನು ಬೇಕು? ಎಚ್-4ರಲ್ಲಿ ಹೋದವರು, ಬಹುಪಾಲು ಹೆಂಗಸರು, ಕೆಲಸ ಮಾಡುವಂತಿಲ್ಲ. ಕೆಲಸದ ಪರವಾನಗಿ ಇಲ್ಲದಿದ್ದರೆ ಸೋಷಿಯಲ್ ಸೆಕ್ಯುರಿಟಿ ನಂಬರ್ ಎಂಬ ಗುರುತಿನ ಸಂಖ್ಯೆ ಸಿಗುವುದಿಲ್ಲ; ಅದಿಲ್ಲದೆ ಸ್ವಂತ ಸಾಲದ ಚರಿತ್ರೆ ಬೆಳೆಯುವುದಿಲ್ಲ, ಫೋನ್ ಸಂಪರ್ಕವೂ ಗಂಡನ ಹೆಸರಿನಲ್ಲಿ. ಹೆಚ್ಚಿನ ರಾಜ್ಯಗಳಲ್ಲಿ ಡ್ರೈವಿಂಗ್ ಲೈಸೆನ್ಸ್‌ನ ಅವಧಿಯೂ ವಾಸದ ಅನುಮತಿಯ ಕೊನೆಯ ದಿನಕ್ಕೇ ಮುಗಿಯುತ್ತದೆ. ವಿಸ್ತರಣೆಯ ಅರ್ಜಿ ಬಾಕಿಯಿರುವಾಗ ಅಲ್ಲಿ ಉಳಿಯುವುದಕ್ಕೆ ಅಡ್ಡಿಯಿಲ್ಲದಿದ್ದರೂ ಲೈಸೆನ್ಸ್ ಮುಗಿದುಹೋಗಿರಬಹುದು. ಬಸ್ಸೇ ಇಲ್ಲದ ಬಡಾವಣೆಯಲ್ಲಿ ಮಗುವನ್ನು ಶಾಲೆಗೆ ಬಿಡಬೇಕಾದ ತಾಯಿ ಮನೆಯಲ್ಲೇ ಉಳಿಯುತ್ತಾಳೆ. ನಾನು ಕಂಡ ಒಂದು ಮನೆಯಲ್ಲಿ ಎಂಟು ವರ್ಷ ಬೆಂಗಳೂರಿನಲ್ಲಿ ಟೆಸ್ಟಿಂಗ್ ಲೀಡ್ ಆಗಿದ್ದವಳು ತನ್ನ ಬಿ.ಇ. ಅಂಕಪಟ್ಟಿಗಳ ಫೈಲನ್ನು ಪಾತ್ರೆ ಕಪಾಟಿನ ಮೇಲೆ, ಕುಕ್ಕರ್ ಡಬ್ಬದ ಹಿಂದೆ ಇಟ್ಟಿದ್ದಳು. ಏಕೆ ಅಲ್ಲಿ ಎಂದು ಕೇಳಿದ್ದಕ್ಕೆ, "ಕಣ್ಣಿಗೆ ಬಿದ್ದರೆ ಇವರ ಮೇಲೆ ಸಿಟ್ಟು ಬರುತ್ತೆ, ಇವರದ್ದೇನೂ ತಪ್ಪಿಲ್ಲ" ಎಂದಳು.

ಆ ಮಾತಿನಲ್ಲೇ ಇಡೀ ಸಮಸ್ಯೆ ಇದೆ. ತಪ್ಪು ಕಾನೂನಿನದು, ಸಿಟ್ಟು ಬರುವುದು ಎದುರಿಗಿರುವವರ ಮೇಲೆ.

2015ರ ಮೇ 26ರಿಂದ ಜಾರಿಗೆ ಬಂದ ನಿಯಮ ಈ ಬಿಗಿಯನ್ನು ಸ್ವಲ್ಪ ಸಡಿಲಿಸಿತು. ಗಂಡನ ಗ್ರೀನ್ ಕಾರ್ಡ್ ಹಾದಿಯಲ್ಲಿ ಅವನ ಕಂಪನಿ ಸಲ್ಲಿಸುವ ಐ-140 ಎಂಬ ಅರ್ಜಿಯ ಹಂತ ಮಂಜೂರಾಗಿದ್ದರೆ ಎಚ್-4 ಹೆಂಡತಿ ಇಎಡಿ ಎಂಬ ಕೆಲಸದ ಪರವಾನಗಿ ಪಡೆಯಬಹುದು. ಹತ್ತಾರು ಸಾವಿರ ಹೆಂಗಸರು ಮತ್ತೆ ಕೆಲಸಕ್ಕೆ ಸೇರಿದರು, ಮನೆ ಕೊಂಡರು, ಊರಿಗೆ ಸ್ವಂತ ಹಣ ಕಳಿಸಿದರು. ಆದರೆ ಆ ಪರವಾನಗಿಯ ಪಾಡೂ ಅನಿಶ್ಚಿತವೇ. ಜಾರಿಗೆ ಬಂದ ವರ್ಷವೇ ಅದರ ವಿರುದ್ಧ ದಾವೆ ಹೂಡಲಾಯಿತು; ಮೇಲ್ಮನವಿ ನ್ಯಾಯಾಲಯ ನಿಯಮವನ್ನು ಎತ್ತಿಹಿಡಿಯುವ ಹೊತ್ತಿಗೆ 2024ರ ಆಗಸ್ಟ್ ಬಂದಿತ್ತು. ನಡುವೆ 2019ರಲ್ಲಿ ಎಚ್-4 ವಿಸ್ತರಣೆಗೆ ಬೆರಳಚ್ಚು ಕಡ್ಡಾಯ ಮಾಡಿದ್ದರಿಂದ, ಅದುವರೆಗೆ ಗಂಡನ ಅರ್ಜಿಯ ಜೊತೆಗೇ ಹದಿನೈದು ದಿನದಲ್ಲಿ ಮುಗಿಯುತ್ತಿದ್ದ ಕೆಲಸ ಹಲವು ತಿಂಗಳಿಗೆ ಎಳೆಯಿತು. ಗಂಡನ ಕೆಲಸ ನಿರಾತಂಕವಾಗಿ ನಡೆದಿತ್ತು, ಹೆಂಡತಿ ಒಂದು ಶುಕ್ರವಾರ ಲ್ಯಾಪ್‌ಟಾಪ್ ಹಿಂತಿರುಗಿಸಿ ಬರಬೇಕಾಯಿತು. ದಂಪತಿಗಳೇ ನ್ಯಾಯಾಲಯಕ್ಕೆ ಹೋದ ಮೇಲೆ, 2023ರ ಜನವರಿಯ ಒಪ್ಪಂದದಂತೆ ಎರಡು ವರ್ಷದ ಮಟ್ಟಿಗೆ ಗಂಡಹೆಂಡಿರ ಅರ್ಜಿಗಳನ್ನು ಒಟ್ಟಿಗೆ ಪರಿಶೀಲಿಸಲಾಯಿತು. ಆ ಅವಧಿ 2025ರ ಜನವರಿಯಲ್ಲಿ ಮುಗಿಯಿತು. ನವೀಕರಣ ತಡವಾದಾಗ ಹಳೆಯ ಪರವಾನಗಿಯಲ್ಲೇ ಕೆಲಸ ಮುಂದುವರಿಸಲು ಇದ್ದ ಸ್ವಯಂ ವಿಸ್ತರಣೆಯ ಸೌಲಭ್ಯವನ್ನೂ 2025ರ ಅಕ್ಟೋಬರ್ 30ರಿಂದ ಸಲ್ಲಿಸುವ ಅರ್ಜಿಗಳಿಗೆ ತೆಗೆದುಹಾಕಲಾಯಿತು. ಅವಧಿ ಮುಗಿಯುವ 180 ದಿನಕ್ಕಿಂತ ಮೊದಲು ಅರ್ಜಿ ಹಾಕುವಂತಿಲ್ಲ, 180 ದಿನದೊಳಗೆ ಅದು ಕೈಸೇರುತ್ತದೆಂಬ ಖಾತರಿಯೂ ಇಲ್ಲ. ಸರ್ಕಾರದ ಮೇಜಿನ ಮೇಲೆ ಅರ್ಜಿ ಕುಳಿತದ್ದರ ಬೆಲೆಯನ್ನು ಇಬ್ಬರಲ್ಲಿ ಒಬ್ಬರೇ ತೆರಬೇಕು, ಅದೂ ಪ್ರತಿ ಬಾರಿಯೂ ಅವರೇ.

ಗಂಡನ ಕಡೆಯ ಹೊರೆ ಬೇರೆ ರೀತಿಯದು, ಅದನ್ನೂ ಹೇಳದಿದ್ದರೆ ಚಿತ್ರ ಪೂರ್ತಿಯಾಗುವುದಿಲ್ಲ. ಗ್ರೀನ್ ಕಾರ್ಡ್ ಅರ್ಜಿಯ ಒಡೆತನ ಅವನದೂ ಅಲ್ಲ. ಐ-140 ಸಲ್ಲಿಸುವುದು ಕಂಪನಿ, ವಕೀಲರ ಕಕ್ಷಿದಾರರೂ ಸಾಮಾನ್ಯವಾಗಿ ಕಂಪನಿಯೇ. ಕೆಲಸ ಬದಲಿಸಿದರೆ, ಮಂಜೂರಾದ ಪ್ರಯಾರಿಟಿ ಡೇಟ್ ಉಳಿಯುತ್ತದಾದರೂ, ಉಳಿದ ಹಂತಗಳನ್ನು ಮೊದಲಿನಿಂದ ಮಾಡಬೇಕು. ಕೆಲಸ ಹೋದರೆ ಇನ್ನೊಂದು ಹುಡುಕಿಕೊಳ್ಳಲು ಹೆಚ್ಚೆಂದರೆ 60 ದಿನ. ಆ 60 ದಿನ ಹೆಂಡತಿಮಕ್ಕಳಿಗೂ ಅಷ್ಟೇ. ಇಡೀ ಸಂಸಾರದ ವಾಸದ ಹಕ್ಕು ತನ್ನೊಬ್ಬನ ಸಂಬಳದ ಚೀಟಿಗೆ ನೇತುಬಿದ್ದಿದೆ ಎಂದು ತಿಳಿದವನು ಆಫೀಸಿನ ಅವಮಾನವನ್ನು ಮನೆಯಲ್ಲಿ ಹೇಳುವುದಿಲ್ಲ. ಅವನು ಮೌನವಾಗಿರುವುದು ಹೆದರಿಕೆಯಿಂದ. ಅವಳಿಗೆ ಅದು ತಾತ್ಸಾರವಾಗಿ ಕಾಣುತ್ತದೆ. ಕಂಪನಿಯ ವಕೀಲರು ಕಳಿಸಿದ ಇಮೇಲ್‌ಗಳು ಅವನ ಫೋನ್‌ನಲ್ಲಿರುತ್ತವೆ. ತನ್ನ ಬದುಕಿನ ಮುಂದಿನ ಮೂರು ವರ್ಷ ಏನಾಗುತ್ತದೆಂದು ಅವಳು ಅವನನ್ನು ಕೇಳಿಯೇ ತಿಳಿಯಬೇಕು. ಪ್ರೀತಿಯಿರುವ ಮನೆಯಲ್ಲೂ ದಿನ ಕಳೆದಂತೆ ಇದು ಕೇಳುವವರು ಮತ್ತು ಹೇಳುವವರು ಎಂಬ ಎರಡು ಪಾತ್ರಗಳನ್ನು ಗಟ್ಟಿ ಮಾಡುತ್ತದೆ.

ಪ್ರೀತಿಯಿಲ್ಲದ ಮನೆಯ ಮಾತೇ ಬೇರೆ. ವಿಚ್ಛೇದನವಾದ ದಿನವೇ ಎಚ್-4 ಆಧಾರ ಕಳಚುತ್ತದೆ, ಹತ್ತು ವರ್ಷ ಜೊತೆಯಾಗಿ ಕಾದ ಸರದಿಯಲ್ಲಿ ಅವಳಿಗಿದ್ದ ಪಾಲೂ ಇಲ್ಲವಾಗುತ್ತದೆ. ಹೊಡೆತ ಬಡಿತ ಸಹಿಸಿಕೊಂಡು "ಕಾರ್ಡ್ ಬರುವವರೆಗೆ" ಎಂದು ಹಲ್ಲು ಕಚ್ಚಿ ಕೂತವರಿದ್ದಾರೆ. ದೌರ್ಜನ್ಯಕ್ಕೊಳಗಾದ ಎಚ್-4 ಬಾಳಸಂಗಾತಿಗೆ ಪ್ರತ್ಯೇಕವಾಗಿ ಕೆಲಸದ ಪರವಾನಗಿ ಕೊಡಲು ಕಾನೂನಿನಲ್ಲಿ ಅವಕಾಶವಿದೆ ಎಂಬುದು ಅವರಲ್ಲಿ ಹೆಚ್ಚಿನವರ ಕಿವಿಗೆ ಬಿದ್ದೇ ಇರುವುದಿಲ್ಲ. ಇನ್ನು ಸಾವು. 2017ರ ಫೆಬ್ರವರಿಯಲ್ಲಿ ಕ್ಯಾನ್ಸಸ್‌ನ ಓಲೇತ್ ಎಂಬ ಊರಿನಲ್ಲಿ ಎಂಜಿನಿಯರ್ ಶ್ರೀನಿವಾಸ ಕುಚಿಭೋಟ್ಲ ಅವರನ್ನು ಜನಾಂಗ ದ್ವೇಷಿಯೊಬ್ಬ ಗುಂಡಿಕ್ಕಿ ಕೊಂದಾಗ, ಅವರ ಪತ್ನಿ ಸುನಯನಾ ದುಮಾಲಾ ಗಂಡನ ಜೊತೆಗೆ ಆ ದೇಶದಲ್ಲಿ ವಾಸಿಸುವ ಹಕ್ಕನ್ನೂ ಕಳೆದುಕೊಂಡರು. ಅಂತ್ಯಸಂಸ್ಕಾರಕ್ಕೆ ಹೈದರಾಬಾದ್‌ಗೆ ಬಂದವರಿಗೆ ಮರಳುವ ದಾರಿಯೇ ಮುಚ್ಚಿತ್ತು. ಅಲ್ಲಿನ ಸಂಸದ ಕೆವಿನ್ ಯೋಡರ್ ಮಧ್ಯೆ ಬಂದು ತಾತ್ಕಾಲಿಕ ಕೆಲಸದ ವೀಸಾ ಕೊಡಿಸಬೇಕಾಯಿತು. ಡಿಪೆಂಡೆಂಟ್ ಎಂಬ ಪದದ ಪೂರ್ತಿ ಅರ್ಥ ಆ ದಿನ ಎಷ್ಟೋ ಮನೆಗಳಿಗೆ ಮೊದಲ ಬಾರಿ ಹೊಳೆಯಿತು.

ಊರಿಗೆ ಬಂದು ಹೋಗುವುದೂ ಈ ಜೋಡಿಗಳಿಗೆ ಸಲೀಸಲ್ಲ. ಪಾಸ್‌ಪೋರ್ಟ್‌ನಲ್ಲಿರುವ ವೀಸಾ ಮುದ್ರೆಯ ಅವಧಿ ಮುಗಿದಿದ್ದರೆ ಭಾರತದಲ್ಲಿ ಹೊಸ ಮುದ್ರೆ ಹಾಕಿಸಿಕೊಳ್ಳದೆ ಮರಳುವಂತಿಲ್ಲ. ಸ್ಟಾಂಪಿಂಗ್ ಎಂದು ಎಲ್ಲರೂ ಕರೆಯುವುದು ಇದನ್ನೇ. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆಯಾಯಿತಾದರೂ ಆಗ ವೀಸಾ ಸೇವೆ ಆರಂಭವಾಗಲಿಲ್ಲ. ಕನ್ನಡಿಗರು ಚೆನ್ನೈ, ಹೈದರಾಬಾದ್‌ಗಳ ದಾರಿ ಹಿಡಿಯುತ್ತಲೇ ಇದ್ದರು. ನಮ್ಮವರಿಗೆ ಇನ್ನೊಂದು ತೊಡಕು ಹೆಸರಿನದು. ಮನೆತನದ ಹೆಸರಿಲ್ಲದೆ ಊರಿನ, ತಂದೆಯ ಮೊದಲಕ್ಷರಗಳನ್ನು ಹೊತ್ತ ಹೆಸರುಗಳು ಒಂದು ಕಾಗದದಲ್ಲಿ ಒಂದು ತರಹ, ಇನ್ನೊಂದರಲ್ಲಿ ಇನ್ನೊಂದು ತರಹ ಇರುತ್ತವೆ. ಪಾಸ್‌ಪೋರ್ಟ್‌ನಲ್ಲಿ ಒಂಟಿ ಹೆಸರಿದ್ದರೆ ವೀಸಾದ ಮೇಲೆ ಎಫ್‌ಎನ್‌ಯು, ಅಂದರೆ ಮೊದಲ ಹೆಸರು ಗೊತ್ತಿಲ್ಲ ಎಂದು ಅಚ್ಚಾಗುತ್ತದೆ, ಅಲ್ಲಿಂದಾಚೆಗೆ ಲೈಸೆನ್ಸ್‌ನಿಂದ ಮಗುವಿನ ಜನನ ಪತ್ರದವರೆಗೆ ಎಲ್ಲ ಕಡೆ ಅದರ ಸಮಜಾಯಿಷಿ ಕೊಡುತ್ತ ತಿರುಗಬೇಕು. 2025ರ ಡಿಸೆಂಬರ್ 15ರಿಂದ ಎಚ್-1ಬಿ, ಎಚ್-4 ಅರ್ಜಿದಾರರ ಸಾಮಾಜಿಕ ಜಾಲತಾಣದ ಖಾತೆಗಳ ಪರಿಶೀಲನೆ ಶುರುವಾದಾಗ ಭಾರತದಲ್ಲಿ ನಿಗದಿಯಾಗಿದ್ದ ಸಂದರ್ಶನಗಳನ್ನು ಏಕಾಏಕಿ ತಿಂಗಳುಗಟ್ಟಲೆ ಮುಂದೂಡಲಾಯಿತು. ತಂಗಿಯ ಮದುವೆಗೆಂದು ಮೂರು ವಾರಕ್ಕೆ ಬಂದವರು ಇಲ್ಲೇ ಉಳಿದರು, ಮಕ್ಕಳ ಶಾಲೆಗಾಗಿ ಅಲ್ಲೇ ಉಳಿದಿದ್ದ ಜೊತೆಗಾರರು ಒಬ್ಬಂಟಿಯಾಗಿ ಸಂಸಾರ ತೂಗಿಸಿದರು. ಈ ಭಯದಿಂದಲೇ ಅನೇಕ ದಂಪತಿ ಒಟ್ಟಿಗೆ ಊರಿಗೆ ಬರುವುದನ್ನು ಬಿಟ್ಟಿದ್ದಾರೆ. ಅಪ್ಪ ತೀರಿಕೊಂಡಾಗ ಮಗ ಬರುತ್ತಾನೆ, ಸೊಸೆ ಬರುವುದಿಲ್ಲ. ಊರಿನವರು ಅದಕ್ಕೆ ಬೇರೆಯೇ ಅರ್ಥ ಕಟ್ಟುತ್ತಾರೆ.

ಸರಿಪಡಿಸುವ ದಾರಿ ಯಾರಿಗೂ ತೋಚದ್ದೇನಲ್ಲ. ದೇಶವಾರು ಮಿತಿಯನ್ನು ತೆಗೆಯುವ ಮಸೂದೆ 2019ರ ಜುಲೈನಲ್ಲಿ ಅಮೆರಿಕದ ಕೆಳಮನೆಯಲ್ಲಿ 365ಕ್ಕೆ 65 ಮತಗಳಿಂದ ಅಂಗೀಕಾರವಾಯಿತು; 2020ರ ಡಿಸೆಂಬರ್‌ನಲ್ಲಿ ಸೆನೆಟ್ ಅದರದೇ ಬೇರೊಂದು ರೂಪವನ್ನು ಒಪ್ಪಿತು; ಎರಡನ್ನೂ ಹೊಂದಿಸುವ ಮೊದಲೇ ಆ ಸಂಸತ್ತಿನ ಅವಧಿ ಮುಗಿಯಿತು. ಮಿತಿಯನ್ನು ತೆಗೆದರೆ ಬೇರೆ ದೇಶದವರು ಈಗಿನದಕ್ಕಿಂತ ಹೆಚ್ಚು ಕಾಯಬೇಕಾಗುತ್ತದೆ ಎಂಬ ಆಕ್ಷೇಪ ನಿಜವೇ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಸರಳವೂ ನ್ಯಾಯವೂ ಆದ ಬದಲಾವಣೆ ಎಂದರೆ 1,40,000ದ ಲೆಕ್ಕದಲ್ಲಿ ನೌಕರರನ್ನು ಮಾತ್ರ ಎಣಿಸಿ, ಗಂಡಹೆಂಡಿರು ಮಕ್ಕಳನ್ನು ಅದರಿಂದ ಹೊರಗಿಡುವುದು; ಯಾವ ದೇಶದವರ ಪಾಲನ್ನೂ ಕಸಿಯದೆ ಸರದಿ ಅರ್ಧಕ್ಕೆ ಇಳಿಯುತ್ತದೆ. ವಿ ವೀಸಾದ ದಿನಾಂಕವನ್ನು ಮುಂದಕ್ಕೆ ತಂದರಂತೂ ಎಫ್-2ಎ ಜೋಡಿಗಳು ಕಾಯುವ ಕಾಲವನ್ನು ಒಟ್ಟಿಗೆ ಕಳೆಯಬಹುದು. ಎರಡಕ್ಕೂ ಸಂಸತ್ತು ಮನಸ್ಸು ಮಾಡಬೇಕು.

ಅಲ್ಲಿಯವರೆಗೆ ಮದುವೆಯ ಮಾತುಕತೆಗೆ ಕೂರುವ ಮನೆಗಳು ಜಾತಕದ ಜೊತೆಗೆ ಕೆಲವು ಕಾಗದಗಳನ್ನೂ ಕೇಳಬೇಕು, ಕೇಳಲು ಸಂಕೋಚಪಡಬಾರದು. ಹುಡುಗನ ಅಥವಾ ಹುಡುಗಿಯ ಪ್ರಯಾರಿಟಿ ಡೇಟ್ ಯಾವುದು, ಐ-140 ಮಂಜೂರಾಗಿದೆಯೇ, ಗ್ರೀನ್ ಕಾರ್ಡ್ ಅರ್ಜಿ ಕೊನೆಯ ಹಂತದಲ್ಲಿದೆಯೇ ಎಂಬುದು ಸಂಬಳಕ್ಕಿಂತ ಮುಖ್ಯ. ಕೊನೆಯ ಹಂತದಲ್ಲಿದ್ದರೆ ಕಾರ್ಡ್ ಕೈಗೆ ಬರುವ ಮೊದಲೇ ಮದುವೆ ನಡೆದು ನೋಂದಣಿಯಾಗಬೇಕು. ಮುಹೂರ್ತ ದೂರವಿದ್ದು ಮೊದಲು ರಿಜಿಸ್ಟರ್ ಮದುವೆ ಮಾಡಿಕೊಳ್ಳುತ್ತೇವೆ ಎನ್ನುವವರು ಒಂದು ವಿಷಯ ಗಮನಿಸಬೇಕು: ಹಿಂದೂ ವಿವಾಹ ಕಾಯ್ದೆಯಡಿ ಉಪನೋಂದಣಾಧಿಕಾರಿ ದಾಖಲಿಸುವುದು ಶಾಸ್ತ್ರೋಕ್ತವಾಗಿ ಆಗಲೇ ನಡೆದ ಮದುವೆಯನ್ನು, ಶಾಸ್ತ್ರಕ್ಕೆ ಮೊದಲೇ ಕಾನೂನಿನ ಮದುವೆ ಬೇಕೆಂದರೆ ವಿಶೇಷ ವಿವಾಹ ಕಾಯ್ದೆಯ ದಾರಿ ಹಿಡಿಯಬೇಕು, ಅದಕ್ಕೆ 30 ದಿನದ ಮುಂಗಡ ನೋಟಿಸ್ ಬೇಕು, ನೋಟಿಸ್ ಕೊಡುವ ಜಿಲ್ಲೆಯಲ್ಲಿ ಇಬ್ಬರಲ್ಲೊಬ್ಬರು ಅಷ್ಟು ದಿನ ವಾಸವಿದ್ದಿರಬೇಕು. ರಜೆ ಹದಿನೈದು ದಿನ ಇರುವ ವರನಿಗೆ ಈ ಲೆಕ್ಕ ಮೊದಲೇ ಗೊತ್ತಿರಲಿ. ಅಲ್ಲಿಗೆ ಹೋದ ಮೇಲೆ ಐ-140 ಮಂಜೂರಾತಿ ಪತ್ರದ ಪ್ರತಿ, ವಕೀಲರ ಇಮೇಲ್, ಅರ್ಜಿಯ ರಸೀದಿ ಸಂಖ್ಯೆ ಇಬ್ಬರ ಬಳಿಯೂ ಇರಲಿ. ಇದರಿಂದ ಸರದಿ ಒಂದು ದಿನವೂ ಮುಂದೆ ಹೋಗುವುದಿಲ್ಲ, ಆದರೆ ಕೇಳುವವರು ಮತ್ತು ಹೇಳುವವರು ಎಂಬ ಭೇದ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಹಾಸನದ ಆ ಸೊಸೆ ಮದುವೆಗೆ ಮೊದಲು ಬೆಂಗಳೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದಳು. ಹೇಗೂ ಹೋಗುವವಳಲ್ಲವೇ ಎಂದು ಎಲ್ಲರೂ ಹೇಳಿದ್ದರಿಂದ ರಾಜೀನಾಮೆ ಕೊಟ್ಟಿದ್ದಳು. ಇಂದೋ ನಾಳೆಯೋ ಎಂಬ ಮಾತಿನಲ್ಲೇ ಎರಡು ವರ್ಷ ಹೋಯಿತು. ಇಷ್ಟು ಕಾಯಬೇಕೆಂದು ಯಾರಾದರೂ ಮೊದಲೇ ಹೇಳಿದ್ದರೆ ಪಿಎಚ್.ಡಿ.ಗೆ ಸೇರಿಕೊಳ್ಳುತ್ತಿದ್ದೆ ಎಂದು ಒಮ್ಮೆ ನನ್ನೊಡನೆ ಹೇಳಿದ್ದಳು. ಈಗ ಹತ್ತಿರದ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಾಳೆ. ಸಂದರ್ಶನದಲ್ಲಿ ಪ್ರಾಂಶುಪಾಲರು ಎಷ್ಟು ವರ್ಷ ಇರುತ್ತೀರಿ ಎಂದು ಕೇಳಿದಾಗ, "ಈ ಸೆಮಿಸ್ಟರ್ ಪರೀಕ್ಷೆ ಮುಗಿಯೋವರೆಗೂ ಖಂಡಿತ ಇರ್ತೀನಿ ಸರ್" ಎಂದಳಂತೆ. ಬೆಳಗಿನ ಫೋನ್ ಈಗ ಏಳು ಗಂಟೆಗೆ. ಏಳೂವರೆಗೆ ಅವಳು ಬಸ್ಸು ಹಿಡಿಯಬೇಕು.